ಒಂದು ಬೊಗಸೆ ಹತ್ತಿಗೆ ಒಂದು ಮಾತು

ನನ್ನ ಕಾದಂಬರಿಗಳಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಯಾರಾದರೊಬ್ಬರು ನೀರು ಕುಡಿಯುತ್ತಾರಂತೆ. ಇದನ್ನು ಕಂಡುಹಿಡಿದವಳು ನಾನಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಬರೆದ ಒಬ್ಬ ಮಹನೀಯರು. ದೈತ್ಯ ಯುದ್ಧ ಗೆದ್ದರೂ ನೀರು, ರಾಣಿ ಸೆರೆ ಸಿಕ್ಕರೂ ನೀರು, ಹಾರುವ ಕತ್ತೆ ರೆಕ್ಕೆ ಮುರಿದುಕೊಂಡು ಬಿದ್ದರೆ ಮೊದಲು ಅದರ ಮುಂದೊಂದು ಬಕೆಟ್ ನೀರು! ಇದು ಬಿಸಿಲುನಾಡಿನ ಲೇಖಕಿಯ ಒಳಮನಸ್ಸಿನ ದಾಹದ ಸಂಕೇತವಿರಬೇಕು ಎಂದು ಅವರು ಬಹಳ ಮರ್ಯಾದೆಯಿಂದ ಊಹಿಸಿದ್ದರು. ನನ್ನ ಗಂಡ ಅದನ್ನು ಜೋರಾಗಿ ಓದಿ, "ಏನ್ ದೊಡ್ಡಾಕಿ ಆಗಿಬಿಟ್ಟೀ ಬಿಡು! ನಿನ್ನ ಒಳಗ ದಾಹ ಐತಂತ, ನನಗ ಗೊತ್ತಾಗ್ಲೇ ಇಲ್ಲ ನೋಡು" ಎಂದು ಫ್ರಿಜ್ಜಿನಿಂದ ಒಂದು ಬಾಟಲಿ ತಂದು ನನ್ನ ಮುಂದೆ ಕುಕ್ಕಿದರು.

ದಾಹವೂ ಇಲ್ಲ, ಸಂಕೇತವೂ ಇಲ್ಲ ಮಾರಾಯರೆ. ಅಲ್ಲಿ ಹತ್ತಿಯ ಸಾಲು ಮುಗಿದಿರುತ್ತದೆ, ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹುಟ್ಟಿದ್ದು ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ನಮ್ಮ ಯವ್ವ ಹತ್ತಿ ಬಿಡಿಸುವ ಗುಂಪಿನಲ್ಲಿ ಕಥೆ ಹೇಳುವವಳು. ಹೆಂಗಸರು ಸಾಲಿಗೊಬ್ಬರಂತೆ ನಿಂತು, ಸೀರೆಯ ಸೆರಗನ್ನೇ ಚೀಲದಂತೆ ಉಡಿ ಕಟ್ಟಿಕೊಂಡು, ಹತ್ತಿ ಬಿಡಿಸುತ್ತ ಮುಂದೆ ಹೋಗುವರು. ನಡುವಿನ ಸಾಲಿನಲ್ಲಿ ನಮ್ಮವ್ವ. ಎರಡೂ ಕಡೆಯವರಿಗೆ ಕೇಳಿಸಬೇಕಲ್ಲ! ಸಾಲು ಶುರುವಾದಾಗ ಕಥೆ ಶುರು, ಸಾಲು ಮುಗಿದು ಬದುವಿಗೆ ಬಂದರೆ ಕಥೆ ಬಂದ್. ಅಲ್ಲಿ ನೀರಿನ ಬಿಂದಿಗೆ ಇರುತ್ತಿತ್ತು, ಎಲ್ಲರೂ ಕುಡಿಯುವರು. ದೈತ್ಯ ಕತ್ತಿ ಎತ್ತಿದ್ದರೂ ಸರಿ, ಎತ್ತಿದ ಕೈ ಹಾಗೇ ಇರಬೇಕು, ಇವರ ನೀರು ಕುಡಿಯುವುದು ಮುಗಿಯುವ ತನಕ. ಇಂಥ ಕಥೆಗಳನ್ನು ಕೇಳಿ ಬೆಳೆದ ನನಗೆ, ಎಲ್ಲಿ ಕಥೆ ನಿಲ್ಲುತ್ತದೆಯೋ ಅಲ್ಲಿ ನೀರು ಕುಡಿಯುವ ಚರಿಗೆಯ ಸಪ್ಪಳ ಕೇಳಿಸಿದರೆ ಏನು ತಪ್ಪು?

ಇನ್ನೊಂದು ಪದ್ಧತಿ ಇತ್ತು. ನನ್ನ ಇಡೀ ಸಾಹಿತ್ಯ ನಿಂತಿರುವುದು ಅದರ ಮೇಲೆ, ಹಾಗಾಗಿ ಗಮನವಿಟ್ಟು ಕೇಳಿ. ಹತ್ತಿ ಬಿಡಿಸುವವರಿಗೆ ಕೂಲಿ ತೂಕದ ಮೇಲೆ. ಕಥೆ ಹೇಳುವವಳ ಬಾಯಿ ಓಡಿದಷ್ಟು ಕೈ ಓಡುವುದಿಲ್ಲ, ಉಡಿ ತುಂಬುವುದಿಲ್ಲ. ಅದಕ್ಕೇ ಬದುವಿಗೆ ಬಂದಾಗ ಕಥೆ ಕೇಳಿದವರೆಲ್ಲ ತಮ್ಮ ಉಡಿಯಿಂದ ಒಂದೊಂದು ಬೊಗಸೆ ಹತ್ತಿ ತೆಗೆದು ಅವಳ ಉಡಿಗೆ ಹಾಕುವರು. ಹಾಕುವಾಗ, ಬೇಕಿದ್ದರೆ, ಕಥೆಯಲ್ಲಿ ಏನಾದರೊಂದನ್ನು ಕೇಳಿಕೊಳ್ಳಬಹುದು. ಕಥೆಯವಳು 'ಒಲ್ಲೆ' ಎನ್ನಬಹುದು, ಆಗ ಬೊಗಸೆಯನ್ನು ವಾಪಸು ಕೊಡಬೇಕು. 'ಆತು' ಎಂದು ಹತ್ತಿ ಇಟ್ಟುಕೊಂಡಳೋ, ಮುಗಿಯಿತು, ಕೊಟ್ಟ ಮಾತು ತಿರುಗಿಸುವಂತಿಲ್ಲ.

ಒಮ್ಮೆ ಯವ್ವ ಒಬ್ಬ ದುಷ್ಟ ದೈತ್ಯನ ಕೋಟೆಗೆ ಬೆಂಕಿ ಹಚ್ಚಿಸುವ ತಯಾರಿಯಲ್ಲಿದ್ದಳು. ಬದುವಿನಲ್ಲಿ ಒಬ್ಬ ಹೆಂಗಸು ಬೊಗಸೆ ಹಿಡಿದು ನಿಂತಳು. "ಅವನ್ನ ಸುಡು ಬೇ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವನ ಹೇಣ್ತೀನ ಸುಡಬ್ಯಾಡ. ಪಾಪ ಅಕಿ ಏನ್ ಮಾಡ್ಯಾಳ? ಅಕೀದೂ ನಮ್ಮಂಗ ಬೇಯಿಸಿ ಹಾಕಾ ಬಾಳೇವೇ." ಯವ್ವ ಒಂದು ಗುಟುಕು ನೀರು ಕುಡಿದು, ಯೋಚಿಸಿ, "ಆತು" ಎಂದಳು. ನಾನು ಯವ್ವನ ಬೆನ್ನು ಹತ್ತಿದೆ. ಹೆಂಡತಿ ಕೋಟೆಯೊಳಗೇ ಇದ್ದಾಳೆ, ಬಾಗಿಲಿಗೆ ಬೀಗ ಬಿದ್ದಿದೆ, ಹಿಂದಿನ ಸಾಲಿನಲ್ಲಿ ಯವ್ವ ತಾನೇ ಹಾಗೆ ಹೇಳಿದ್ದಾಳೆ. ಹೇಗೆ ಹೊರಗೆ ತರುತ್ತಾಳೆ? ಮುಂದಿನ ಸಾಲು ಶುರುವಾಯಿತು. ನಾಲ್ಕು ಗಿಡ ದಾಟುವಷ್ಟರಲ್ಲಿ ಯವ್ವ ಹೇಳಿದಳು: "ಬೀಗ ಹಾಕಿತ್ತು ಖರೇ. ಒಳಗ ಅಕಿ ಎಲ್ಲಿದ್ಲು? ಪಂಚಮಿಗಿ ತವರಮನಿಗಿ ಹೋಗಿದ್ಲಲ್ಲ!" ಸಾಲಿನುದ್ದಕ್ಕೂ ನಗುವೋ ನಗು. ದೈತ್ಯನ ಹೆಂಡತಿಗೂ ತವರಿರುತ್ತದೆ, ಅಣ್ಣ ಬಂದು ಪಂಚಮಿಗೆ ಕರೆದೊಯ್ಯುತ್ತಾನೆ ಎಂದು ನನಗೆ ಗೊತ್ತಾದದ್ದು ಅವತ್ತು. ನೀರಿನ ಬಿಂದಿಗೆ ಕಾಯುವ ಕೆಲಸ ನನ್ನದು, ನಾನು ಅದನ್ನು ಬಿಟ್ಟು ಕುಣಿಯುತ್ತಿದ್ದೆ. ನಾಯಿ ಬಂದು ಬಾಯಿ ಹಾಕಿದ್ದಕ್ಕೆ ಬೈಸಿಕೊಂಡೆ.

ಮುಂದೆ ಓದಿದೆ, ರಾಯಚೂರಿನಲ್ಲಿ ಹೈಸ್ಕೂಲು ಟೀಚರಾದೆ, ಅದೂ ವಿಜ್ಞಾನಕ್ಕೆ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ಸೊಸೆಯಾದೆ. ಗಂಡ ದವಾಖಾನೆಯಲ್ಲಿ ನರ್ಸು. ನಾನು ಬರೆಯಲು ಶುರುಮಾಡಿದಾಗ ನಮ್ಮ ಹೆಡ್ಮಾಸ್ಟರು ಬಹಳ ಚಿಂತೆಗೆ ಬಿದ್ದರು. "ವಿಜ್ಞಾನದ ಮೇಡಂ ಆಗಿ ದೈತ್ಯರನ್ನ ಬರಿಯೋದೇನ್ರಿ? ಹುಡುಗ್ರು ಏನ್ ತಿಳ್ಕೋಬೇಕು?" ಎಂದರು. "ಸರ್, ಗುರುತ್ವಾಕರ್ಷಣೆ ಲೆಕ್ಕ ಹಾಕಿಯೇ ಕತ್ತೆಗಿ ರೆಕ್ಕಿ ಹಚ್ಚೀನ್ರಿ. ಬೇಕಾದ್ರ ನೋಡ್ರಿ, ರೆಕ್ಕಿ ಕಿವಿಕ್ಕಿಂತ ದೊಡ್ಡವು ಅದಾವ" ಎಂದೆ. ಅವರು ಅದನ್ನು ನಿಜವಾಗಿ ಯೋಚಿಸಿದರು, ಅದೇ ಅವರ ಒಳ್ಳೆಯತನ.

ರಾಯಚೂರಿನವರಿಗೆ ಹೇಳಬೇಕಾಗಿಲ್ಲ, ಊರ ಸುತ್ತ ಎಲ್ಲಿ ನೋಡಿದರೂ ಬಂಡೆ. ಒಂದರ ಮೇಲೊಂದು ಕುಳಿತವು, ಒರಗಿದವು, ಮಕಾಡೆ ಬಿದ್ದವು. ಅವು ಹೊಟ್ಟೆ ತುಂಬ ಉಂಡು ಮಲಗಿರುವ ದೈತ್ಯರು ಅಂತ ಯವ್ವ ಹೇಳುತ್ತಿದ್ದಳು. ನಾನು ಅದನ್ನೇ ಹಿಡಿದು ಬಂಡೆಸೀಮೆ ಎಂಬ ಒಂದು ದೇಶ ಕಟ್ಟಿದೆ. ಅಲ್ಲಿಗೆ ಹುಲಿಗಿ ಎಂಬ ಹುಡುಗಿ ಹೋಗುತ್ತಾಳೆ. ಅವಳು ಬಂಡೆಯ ಕಿವಿಯಲ್ಲಿ ಮಾತಾಡಿದರೆ ಅದು ದೈತ್ಯನಾಗಿ ಏಳುತ್ತದೆ. ಆದರೆ ಒಂದು ಬಂಡೆ ಎದ್ದರೆ ಒಬ್ಬರು ಅವಳ ನೆನಪಿನಿಂದ ಹೋಗುತ್ತಾರೆ. ಗೆಳತಿ, ಮೇಷ್ಟ್ರು, ಓಣಿಯ ಅಜ್ಜಿ, ಹೀಗೆ. ಇದು ಮೂರು ಭಾಗದ ಕಾದಂಬರಿ. ಮೊದಲ ಭಾಗವನ್ನು ಕಳಿಸಿದಾಗ ಒಬ್ಬ ಪ್ರಕಾಶಕರು ಫೋನ್ ಮಾಡಿ, "ನಿಮ್ಮ ಕಡೆಯವರು ಕಷ್ಟ ಬರೀರಿ ಮೇಡಂ, ಅದು ನಿಮಗೆ ಚೆನ್ನಾಗಿ ಬರುತ್ತೆ" ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಷ್ಟ ಪಟ್ಟವರ ಮನೆಯಲ್ಲಿ ಹಾರುವ ಕತ್ತೆ ಇರಬಾರದೇ? ಬಿಸಿಲಲ್ಲಿ ಹತ್ತಿ ಬಿಡಿಸುತ್ತಲೇ ಅಲ್ಲವೇ ನಮ್ಮವ್ವ ಕೋಟೆ ಕಟ್ಟಿ ಕೋಟೆ ಸುಟ್ಟದ್ದು? ಕೊನೆಗೆ ಧಾರವಾಡದ ಒಬ್ಬ ಪ್ರಕಾಶಕಿ ಹಸ್ತಪ್ರತಿ ಓದಿ, "ಎರಡನೇ ಭಾಗ ಯಾವಾಗ್ರಿ? ನಮ್ಮ ಮನ್ಯಾಗ ಎಲ್ಲಾರೂ ಕೇಳಾಕತ್ತಾರ" ಎಂದರು. ಅವತ್ತು ನಾನು ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ, ಪಕ್ಕದವರು ಡಿಎ ಬಂತೇನ್ರಿ ಎಂದು ಕೇಳಿದರು.

ನನ್ನ ಬರವಣಿಗೆಯ ಶೈಲಿ ಏನು ಎಂದು ಸಂದರ್ಶನಕ್ಕೆ ಬಂದವರು ಕೇಳುತ್ತಾರೆ. ಶೈಲಿ ಗೈಲಿ ಏನಿಲ್ಲ. ನನಗೆ ಕುಳಿತು ಬರೆಯಲು ಬರುವುದಿಲ್ಲ. ಬೆಳಿಗ್ಗೆ ಎದ್ದು, ಯವ್ವನ ಹಳೆಯ ಸೀರೆಯ ತುಂಡನ್ನು ನೈಟಿಯ ಮೇಲೆ ಉಡಿಯಂತೆ ಕಟ್ಟಿಕೊಂಡು, ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ನಡೆಯುತ್ತ ಜೋರಾಗಿ ಕಥೆ ಹೇಳುತ್ತೇನೆ. ಉಡಿಯಲ್ಲಿ ಹತ್ತಿ ಎಲ್ಲಿಂದ ಬರಬೇಕು, ಮೊಬೈಲು ಇರುತ್ತದೆ, ಅದು ರೆಕಾರ್ಡ್ ಮಾಡಿಕೊಳ್ಳುತ್ತದೆ. ಸಂಜೆ ಕೇಳಿ ಟೈಪ್ ಮಾಡುತ್ತೇನೆ. ಒಂದು ದಿನ ಹಾಲಿನವನು ಗೇಟಿನಲ್ಲಿ ನಿಂತು, ನಾನು ಕೈ ಬೀಸಿ "ಏಳು! ಏಳಲೋ ಮಗನ! ಎಷ್ಟ ಮಲಗ್ತೀ!" ಎಂದು ತುಳಸಿಕಟ್ಟೆಗೆ ಗದರುವುದನ್ನು ನೋಡಿ ನನ್ನ ಗಂಡನನ್ನು ಮೆಲ್ಲಗೆ ಕೇಳಿದನಂತೆ, "ಅಕ್ಕಾರಿಗಿ ಏನಾಗ್ಯಾದ್ರಿ?" ಇವರು "ಏನಿಲ್ಲಪ, ಬಂಡೆಗಲ್ಲು ಎಬ್ಬಸಾಕತ್ತಾಳ. ಹಾಲು ಒಂದು ಪಾಕೀಟು ಹೆಚ್ಚು ಕೊಡು" ಎಂದರಂತೆ.

ಅಷ್ಟಾದರೂ ತುಳಸಿಕಟ್ಟೆಗೆ ಹೇಳುವುದು ಬೇರೆ, ಜನರಿಗೆ ಹೇಳುವುದು ಬೇರೆ. ಅದಕ್ಕೆ ಹತ್ತಿಯ ಕಾಲದಲ್ಲಿ ಒಂದು ಭಾನುವಾರ ಮಸರಕಲ್ಲಿಗೆ, ಇನ್ನೊಂದು ಭಾನುವಾರ ಹಿರೇಕೊಟ್ನೆಕಲ್ಲಿಗೆ ಹೋಗುತ್ತೇನೆ. ತವರಿನ ಗುಂಪಿನಲ್ಲಿ ಯವ್ವ ಇರುತ್ತಾಳೆ. ಈಗ ಅವಳು ಹೊಲಕ್ಕೆ ಹೋಗುವುದು ಬಿಡಿಸುವುದಕ್ಕಲ್ಲ, ಬಿಡಿಸುವವರನ್ನು ಬೈಯುವುದಕ್ಕೆ. ಗಂಡನ ಊರಿನ ಗುಂಪಿನಲ್ಲಿ ಅತ್ತೆ. ಅವರು ಇನ್ನೂ ಎಲ್ಲರಿಗಿಂತ ಮುಂದೆ ಸಾಲು ಮುಗಿಸಿ ನೀರು ಕುಡಿದು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ನಾನೂ ಉಡಿ ಕಟ್ಟಿ ನಡುವಿನ ಸಾಲು ಹಿಡಿದು ಹೊಸ ಅಧ್ಯಾಯ ಹೇಳುತ್ತೇನೆ. ಎರಡೂ ಕಡೆ ಬೊಗಸೆಯ ಪದ್ಧತಿ ಇದೆ. ಬಿದ್ದ ಹತ್ತಿಯನ್ನು ನನಗೆ ಸಾಲು ಬಿಟ್ಟುಕೊಟ್ಟ ಹೆಂಗಸಿಗೇ ಕೊಟ್ಟು ಬರುತ್ತೇನೆ, ಮಾತು ಮಾತ್ರ ನನ್ನ ಹತ್ತಿರ ಉಳಿಯುತ್ತದೆ. ನನ್ನ ಪುಸ್ತಕಗಳಲ್ಲಿ ಯಾರು ಬದುಕಿದ್ದಾರೋ ಅವರಲ್ಲಿ ಅರ್ಧ ಜನ ಹೀಗೆ ಬೊಗಸೆಯಿಂದ ಬದುಕಿದವರು.

ಈ ಸಲ ಮೂರನೇ ಭಾಗ, ಕೊನೆಯದು. ಹುಲಿಗಿ ಎಲ್ಲಕ್ಕಿಂತ ದೊಡ್ಡ ಬಂಡೆಯ ಮುಂದೆ ನಿಂತಿದ್ದಾಳೆ. ಅದು ಎದ್ದರೆ ಬಂಡೆಸೀಮೆ ಉಳಿಯುತ್ತದೆ. ಅವಳ ನೆನಪಿನಲ್ಲಿ ಇನ್ನು ಉಳಿದಿರುವುದು ಒಬ್ಬಳೇ, ಅವಳ ಅವ್ವ. ಅವಳು ಎಬ್ಬಿಸುತ್ತಾಳೆ. ಅವ್ವ ಮರೆತುಹೋಗುತ್ತಾಳೆ. ಇಲ್ಲಿಯ ತನಕ ನನಗೆ ಗೊತ್ತಿತ್ತು. ಆಮೇಲೇನು?

ಮಸರಕಲ್ಲಿನಲ್ಲಿ ಇದನ್ನು ಹೇಳಿ ಬದುವಿಗೆ ಬಂದಾಗ ಯಾರೂ ನೀರು ಮುಟ್ಟಲಿಲ್ಲ. ಎಲ್ಲರೂ ಒಟ್ಟಿಗೆ ಬೊಗಸೆ ಚಾಚಿದರು. ಯವ್ವ ತಾನು ಬಿಡಿಸದಿದ್ದರೂ ಪಕ್ಕದವಳ ಉಡಿಯಿಂದ ಕಸಿದು ಬೊಗಸೆ ಹಿಡಿದಳು. "ಹುಲಿಗಿ ಅವ್ವನ ಜೋಡಿ ಇರಬೇಕು. ಅಷ್ಟೇ. ಮರೀಲಿ, ಏನಾರ ಆಗ್ಲಿ, ಅವ್ವನ ಜೋಡಿ ಇರಬೇಕು." ಅಷ್ಟು ಮುಖಗಳು, ಅಷ್ಟು ಹತ್ತಿ! ಹಿಗ್ಗಿಹೋಗಿ "ಆತು" ಎಂದೆ.

ಮುಂದಿನ ಭಾನುವಾರ ಹಿರೇಕೊಟ್ನೆಕಲ್. ಅಲ್ಲಿಯೂ ಅದೇ ಅಧ್ಯಾಯ, ಅದೇ ಮುಟ್ಟದ ನೀರು, ಅವೇ ಚಾಚಿದ ಬೊಗಸೆಗಳು. ಅತ್ತೆ ಎಲ್ಲರನ್ನೂ ಸರಿಸಿ ಮುಂದೆ ಬಂದರು. "ಅಷ್ಟು ಬಂಡಿ ಎಬ್ಬಿಸಿದಾಕಿ, ಅಲ್ಲೇ ರಾಣಿ ಆಗಿ ಕುಂದರಬೇಕು. ಹೊಳ್ಳಿ ಊರಿಗಿ ಬರಬಾರದು. ಬಂದ್ಲು ಅಂದ್ರ ನನ್ನ ಹತ್ತಿ ನನಗ ಕೊಡು." ನನ್ನ ಬಾಯಿ ಕೂಡಲೇ "ಆತ್ರಿ ಅತ್ತಿ" ಎಂದಿತು. ಕಥೆಗಾರ್ತಿಯ ಬಾಯಿ ನೋಡಿ, ಕೇಳುವವರ ಕಣ್ಣು ತುಂಬಿದರೆ ಅದಕ್ಕೆ ಹಿಂದೆ ಮುಂದೆ ತಿಳಿಯುವುದಿಲ್ಲ. ಮಾನ್ವಿಯಲ್ಲಿ ಬಸ್ ಬದಲಿಸಿ ಕಿಟಕಿಯ ಪಕ್ಕ ಕುಳಿತ ಮೇಲೆ ಹೊಳೆಯಿತು, ಅಯ್ಯಯ್ಯೋ, ಎರಡು ಊರಿಗೆ ಎರಡು ಮಾತು ಕೊಟ್ಟು ಕುಳಿತಿದ್ದೇನಲ್ಲ!

ಮುಚ್ಚಿಡಲು ಆಗಲಿಲ್ಲ. ಯವ್ವನಿಗೂ ಅತ್ತೆಗೂ ದಿನ ಬಿಟ್ಟು ದಿನ ಫೋನು. ಯವ್ವ ಹೆಮ್ಮೆಯಿಂದ, "ಬೀಗ್ತಿ, ಹುಲಿಗಿ ಅವ್ವನ ಮನಿಗಿ ಬರಾಕಿ ಅದಾಳ, ನನ್ನ ಮಗಳು ಮಾತು ಕೊಟ್ಟಾಳ" ಎಂದಿದ್ದಾಳೆ. ಅತ್ತೆ, "ಯಾರು ಹೇಳಿದ್ರು ನಿಮಗ? ಅಕಿ ಬರಂಗಿಲ್ಲ. ನನ್ನ ಸೊಸಿ ಮಾತು ಕೊಟ್ಟಾಳ" ಎಂದಿದ್ದಾರೆ. ಆಮೇಲೆ ಇಬ್ಬರೂ ನನಗೆ ಫೋನ್ ಮಾಡಿದರು. ನಾನು ಕ್ಲಾಸಿನಲ್ಲಿ ಬೆಳಕಿನ ವಕ್ರೀಭವನ ಹೇಳುತ್ತಿದ್ದೆ.

ಇತ್ತ ಪ್ರಕಾಶಕಿಯ ಅವಸರ. ಯುಗಾದಿಗೆ ಪುಸ್ತಕ ಬರಬೇಕು, ಮುಖಪುಟ ತಯಾರಿದೆ, ಕೊನೆಯ ಅಧ್ಯಾಯ ಒಂದೇ ಬಾಕಿ. "ಎರಡೂ ಕೊನೆ ಹಾಕೋಣೇನ್ರಿ, ಓದುವವರು ಯಾವುದು ಬೇಕೋ ಅದನ್ನ ತಗೊಳ್ಳಲಿ?" ಎಂದು ಮೆಲ್ಲಗೆ ಕೇಳಿ ನೋಡಿದೆ. "ಇದೇನು ಖಾನಾವಳಿ ಏನ್ರಿ ಮೇಡಂ, ರೊಟ್ಟಿ ಬೇಕೋ ಚಪಾತಿ ಬೇಕೋ ಕೇಳಾಕ?" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಪುಸ್ತಕ ತಡವಾದರೆ ಆದೀತು, ಆದರೆ ಮಾತು ತಪ್ಪಿದ ಕಥೆಯವಳಿಗೆ ಮತ್ತೆ ಯಾರೂ ನಡುವಿನ ಸಾಲು ಕೊಡುವುದಿಲ್ಲ. ಯವ್ವ ಆ ಸಾಲಿನಲ್ಲಿ ನಿಂತು ವಯಸ್ಸು ಕಳೆದಳು, ಒಮ್ಮೆಯೂ ತಪ್ಪಿದವಳಲ್ಲ. ನನಗೆ ಆ ಸಾಲು ಹೋದರೆ ತುಳಸಿಕಟ್ಟೆಯೊಂದೇ ಗತಿ.

ಇಬ್ಬರನ್ನೂ ಒಂದು ಭಾನುವಾರ ರಾಯಚೂರಿಗೆ ಕರೆಸಿದೆ. ಯವ್ವ ಗಬ್ಬೂರು ದಾಟಿ ಬಂದ ಮೊದಲ ಬಸ್ಸಿಗೇ ಇಳಿದಳು, ಅತ್ತೆ ಮಾನ್ವಿ ಬಸ್ಸಿಗೆ. ನನ್ನ ಗಂಡ ಮಂಡಕ್ಕಿಗೆ ಒಗ್ಗರಣೆ ಹಾಕಿದ ಮಂಡಾಳ, ಮಿರ್ಚಿ ಬಜ್ಜಿ ಮಾಡಿ ತಟ್ಟೆ ಇಟ್ಟು, "ನಾನು ಪೇಪರ್ ಓದ್ತೀನಿ" ಎಂದು ಪೇಪರಿನ ಹಿಂದೆ ಅಡಗಿಕೊಂಡರು. ಕಿವಿ ಮಾತ್ರ ಇತ್ತಲೇ ಇತ್ತು.

"ಮಗಳು ಅಂದಮ್ಯಾಲ ಅವ್ವನ ಹಂತ್ಯಾಕ ಬರಬೇಕು. ಇದರಾಗ ಜಗಳ ಏನದ?" ಎಂದು ಯವ್ವ ಶುರುಮಾಡಿದಳು.

"ಬಂದು?" ಅತ್ತೆ ಮಿರ್ಚಿ ಮುರಿದರು. "ಅಲ್ಲಿ ದೈತ್ಯರು ಅಕಿ ಮಾತು ಕೇಳ್ತಾರ. ಇಲ್ಲಿ ಯಾರು ಕೇಳ್ತಾರ? ಬಂದ ಮರುದಿನ ಮಂದಿ ಕೇಳ್ತಾರ, ಇಷ್ಟು ದಿನ ಎಲ್ಲಿಗಿ ಹೋಗಿದ್ದಿ ಅಂತ."

"ನಾ ಕೇಳಂಗಿಲ್ಲ."

"ನೀವು ಕೇಳಂಗಿಲ್ಲ ಬೀಗ್ತಿ. ಓಣಿ ಕೇಳ್ತದಲ್ಲ. ಕಸ ಹೊಡಿ, ನೀರು ತಾ, ರೊಟ್ಟಿ ಬಡಿ. ಅಷ್ಟು ದೊಡ್ಡ ಬಂಡಿ ಎಬ್ಬಿಸಿದ ಬಾಯಿ ಅದು, ಮುಚ್ಚಿಕೊಂಡು ಕುಂದರಬೇಕೇನು? ನನಗಂತೂ ಸಹಿಸಾಂಗಿಲ್ಲ ನೋಡ್ರಿ. ಹೊಟ್ಟ್ಯಾಗ ಉರೀತದ."

ಅತ್ತೆ ಮುರಿದ ಮಿರ್ಚಿಯನ್ನು ತಿನ್ನದೆ ತಟ್ಟೆಗೆ ಹಾಕಿದರು. ನಾನು ಅವರನ್ನೇ ನೋಡಿದೆ. ಇಷ್ಟು ವರ್ಷ ಎಲ್ಲರಿಗಿಂತ ಮುಂದೆ ಸಾಲು ಮುಗಿಸಿ ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಈ ಹೆಂಗಸಿನೊಳಗೆ ಒಬ್ಬ ರಾಣಿ ಇದ್ದಾಳೆ, ಕುಳಿತುಕೊಳ್ಳಲು ಜಾಗ ಸಿಗದ ರಾಣಿ, ಎಂದು ನನಗೆ ಅವತ್ತು ಕಂಡಿತು.

ಯವ್ವ ಮಂಡಾಳಿನ ತಟ್ಟೆ ಪಕ್ಕಕ್ಕಿಟ್ಟಳು. ನನ್ನನ್ನು ಕೇಳಿದಳು, "ಲೇ ಯವ್ವಾ, ನೀ ನನಗ ಏನಂತ ಮಾತು ಕೊಟ್ಟಿದ್ದಿ?"

"ಹುಲಿಗಿ ಅವ್ವನ ಜೋಡಿ ಇರ್ತಾಳ ಅಂತ."

"ಊರಿಗಿ ಬರ್ತಾಳ ಅಂತ ಅಂದೀಯೇನು?"

ಇಲ್ಲ, ಊರಿನ ಸುದ್ದಿಯನ್ನು ಯವ್ವ ಕೇಳಿಯೇ ಇರಲಿಲ್ಲ. "ಅಂದಿಲ್ಲ ಬೇ."

"ಮತ್ತ ಮುಗೀತು. ಹುಡುಗಿ ಬರಾದು ಬ್ಯಾಡ. ರಾಣಿ ಆಗಿ ಅಲ್ಲೇ ಇರ್ಲಿ. ಅವ್ವ ಹೋಗ್ಲಿ."

"ಅವ್ವ?" ಎಂದೆ.

"ಯಾಕ, ಅವ್ವಗ ಕಾಲಿಲ್ಲೇನು?"

ನನಗೆ ಕೂತಲ್ಲಿ ಕೂರಲಾಗಲಿಲ್ಲ! ಮೂರು ಭಾಗ ಬರೆದಿದ್ದೇನೆ, ದೈತ್ಯರು, ಕತ್ತೆಗಳು, ಸೇನಾಪತಿಗಳು ಎಲ್ಲರೂ ಎಲ್ಲೆಲ್ಲಿಗೋ ಹೋಗಿ ಬಂದಿದ್ದಾರೆ, ಹುಲಿಗಿಯ ಅವ್ವನನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದೆನಲ್ಲ. ಎದ್ದು ಅಡುಗೆಮನೆಯಿಂದ ಅಂಗಳಕ್ಕೆ ನಡೆಯಲು ಶುರುಮಾಡಿದೆ. ಅತ್ತೆಗೂ ಉಮೇದು ಬಂದುಬಿಟ್ಟಿತು, ತಟ್ಟೆ ಪಕ್ಕಕ್ಕೆ ಸರಿಸಿದರು. "ಬಂಡೆಸೀಮಿಗಿ ಹೋಗಾಕ ಹೊಳಿ ದಾಟಬೇಕಲ್ಲ, ಹೆಂಗ ದಾಟ್ತಾಳ?" "ಕತ್ತೆ ಅದಲ್ಲ ಬೀಗ್ತಿ, ರೆಕ್ಕಿದು." "ಕತ್ತೆ ಮ್ಯಾಲ ಕುಂತು ರೂಢಿ ಇಲ್ಲ ಅಕಿಗಿ, ಬಿದ್ದಗಿದ್ದಾಳ." "ಬೀಳಂಗಿಲ್ಲ, ಕಿವಿ ಗಟ್ಟಿ ಹಿಡ್ಕೊಂತಾಳ." "ಬುತ್ತಿ?" "ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಕಟಕ ರೊಟ್ಟಿ ಆದ್ರ ಎಂಟು ದಿನ ಇರ್ತಾವ." ಪೇಪರಿನ ಹಿಂದಿನಿಂದ ನನ್ನ ಗಂಡ, "ಗುಳಿಗಿ ಇಟ್ಕೊಳ್ಳಿಕ್ಕೆ ಹೇಳ್ರಿ, ಬಿಪಿದು" ಎಂದರು. "ನೀ ಸುಮ್ಮ ಕುಂದ್ರು" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಹೊಳೆ ದಾಟಿದ್ದಾಯಿತು. ಗುಡ್ಡ ಹತ್ತಿದ್ದಾಯಿತು. ಕಾವಲಿನ ದೈತ್ಯರನ್ನು ಅವ್ವ ಬೈದು ದಾರಿ ಬಿಡಿಸಿಕೊಂಡಿದ್ದಾಯಿತು, ಅದನ್ನು ಯವ್ವ ಬಹಳ ಖುಷಿಯಿಂದ ಬೈದೇ ತೋರಿಸಿದಳು. ಕೊನೆಗೆ ಅವ್ವ ರಾಣಿಯ ಮುಂದೆ ಬಂದು ನಿಂತಳು. ಅಲ್ಲಿ ಅತ್ತೆ ಗಕ್ಕನೆ ತಡೆದರು.

"ಅಯ್ಯ ಬೀಗ್ತಿ. ಹುಡುಗಿ ಅವ್ವನ್ನ ಮರ್ತಾಳಲ್ಲ. ಇಷ್ಟು ದೂರ ಹೋಗಿ ನಿಂತ್ಲು. ಅಕಿ ಗುರ್ತ ಹಿಡೀಲಿಲ್ಲಂದ್ರ?"

ನನ್ನ ಹೆಜ್ಜೆಯೂ ನಿಂತುಹೋಯಿತು. ಹೌದು, ಅದನ್ನು ನಾನೇ ಮಾಡಿದ್ದು. ದೊಡ್ಡ ಬಂಡೆ ಎದ್ದಾಗಿದೆ, ಅವ್ವ ಮರೆತಾಗಿದೆ, ಅದನ್ನು ಯಾವ ಬೊಗಸೆಯೂ ತಿರುಗಿಸಲಾರದು. ಯವ್ವ ಮಾತ್ರ ಅತ್ತೆಯನ್ನು, ಇದೂ ಒಂದು ಕೇಳುವ ಮಾತೇ ಎಂಬಂತೆ ನೋಡಿದಳು.

"ಹುಟ್ಟಿದಾಗ ಅಕಿಗಿ ನನ್ನ ಗುರ್ತ ಇತ್ತೇನು? ಆವಾಗ ಹೆಂಗ ಮಾಡಿಕೊಂಡ್ವಿ, ಈಗೂ ಹಂಗ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗಿ ಗದರಿದರು: "ಏನ್ ನೋಡಾಕತ್ತೀ? ಬರ್ಕೋ ಬೇ, ಜಲ್ದಿ ಬರ್ಕೋ!"